ಅರಬರ ಕುರಿ, ಅಕ್ಕನ ಅಪ್ಪಣೆ

ಗಲ್ಫಿನಲ್ಲಿ ಏನು ಕೆಲಸ ಅಂತ ಊರಲ್ಲಿ ಯಾರಾದರೂ ಕೇಳಿದರೆ ನಾನು "ಸೋಲಾರ್ ಟೆಕ್ನಿಷಿಯನ್" ಅಂತೀನಿ. ಅಕ್ಕ ಪಕ್ಕದಲ್ಲಿದ್ದರೆ "ಹಲ್ಗೆ ತೊಳಿತಾನೆ" ಅಂತ ತಿದ್ದುತ್ತಾಳೆ. ಸುಳ್ಳೇನಲ್ಲ. ಮರಳುಗಾಡಿನಲ್ಲಿ ಕಣ್ಣು ಹಾಯುವಷ್ಟು ದೂರ ಸೋಲಾರ್ ಹಲಗೆ ನಿಲ್ಲಿಸಿರುತ್ತಾರೆ, ಗಾಳಿ ಬೀಸಿದರೆ ಅದರ ಮೇಲೆ ದೂಳು ಕೂರುತ್ತೆ, ನಾನು ಉದ್ದದ ಬ್ರಷ್ ಹಿಡಿದು ಉಜ್ಜುತ್ತೀನಿ. ಈ ವಿದ್ಯೆ ಕಲಿತದ್ದು ಪಾವಗಡದಲ್ಲೇ. ತಿರುಮಣಿ, ರಾಯಚರ್ಲು ಕಡೆಯ ಹೊಲಗಳು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋದಾಗ ನಮ್ಮಂಥವರಿಗೆ ಅಲ್ಲಿ ಸಣ್ಣಪುಟ್ಟ ಕೆಲಸ ಸಿಕ್ಕಿತು. ಬೆಳಗ್ಗೆ ಹಲಗೆ ಒರೆಸೋದು, ಬೇಲಿ ಒಳಗೆ ನುಗ್ಗಿದ ಕುರಿಗಳನ್ನು ಓಡಿಸೋದು. ಮಧ್ಯಾಹ್ನದ ಮೇಲೆ ಅದೇ ಕುರಿಗಳನ್ನು ಆದಷ್ಟು ಬೇಲಿ ಹತ್ತಿರ ಮೇಯಿಸೋದು, ಯಾಕಂದರೆ ಅವು ನಮ್ಮಕ್ಕನ ಕುರಿಗಳು. ಎರಡೂ ಕಡೆ ಬೈಸಿಕೊಂಡು ನಿಯತ್ತಾಗಿ ದುಡಿದೆ.

ಆಮೇಲೆ ಗಲ್ಫಿಗೆ ಹೋದೆ. ಹೋಗಲೇಬೇಕಾಗಿತ್ತು. ಬೇಲಿ ಬಂದ ಮೇಲೆ ಉಳಿದ ಬಯಲಲ್ಲಿ ಒಂದು ಮನೆಗಾಗುವಷ್ಟು ಕುರಿ ಮೇಯಿಸಬಹುದು, ಎರಡು ಮನೆಗಾಗುವಷ್ಟು ಆಗಲ್ಲ. ಇದನ್ನು ನಾನೂ ಬಾಯಿ ಬಿಟ್ಟು ಹೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಎಲ್ಲ ಸರಿಯಾಗೇ ಇತ್ತು, ಕಂಪನಿಗೆ ಯಂತ್ರ ಬರೋವರೆಗೆ. ಹಲಗೆ ಮೇಲೆ ತಾನೇ ಓಡಾಡಿಕೊಂಡು ತಾನೇ ಉಜ್ಜುವ ಯಂತ್ರ. ಅದಕ್ಕೆ ಚಹಾ ಬೇಡ, ಬೀಡಿ ಬೇಡ, ಊರಿಗೆ ರಜೆಯೂ ಬೇಡ. ಮೇಸ್ತ್ರಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಇನ್ನು ಮೇಲೆ ನಿಮಗೆ ಅರ್ಧ ಕೆಲಸ, ಇಲ್ಲೇ ಇರಬೇಕು ಅನ್ನೋರು ಇನ್ನೊಂದು ಕಡೆ ಎರಡನೇ ಕೆಲಸ ಹುಡುಕಿಕೊಳ್ಳಿ, ಅದಕ್ಕೆ ಸರ್ಕಾರದ ಪರವಾನಗಿ ತನ್ನಿ, ಇಲ್ಲದಿದ್ದರೆ ವೀಸಾ ರದ್ದು ಅಂದ. ಕದ್ದು ಮಾಡಿ ಸಿಕ್ಕಿಬಿದ್ದರೆ ಸೀದಾ ವಿಮಾನ ಹತ್ತಿಸುತ್ತಾರೆ, ಮತ್ತೆ ಆ ದೇಶದ ಕಡೆ ತಲೆ ಹಾಕಿಯೂ ಮಲಗೋ ಹಾಗಿಲ್ಲ. ನನ್ನ ರಜೆ ಹತ್ತಿರ ಬಂದಿತ್ತು. ರಜೆ ಮುಗಿಯೋದರೊಳಗೆ ಪರವಾನಗಿ ಆಗದಿದ್ದರೆ ವಾಪಸು ಬರೋ ತೊಂದರೆ ತಗೋಬೇಡ ಅಂತ ನನಗೆ ಬಿಡಿಸಿ ಹೇಳಿದ, ಪುಣ್ಯಾತ್ಮ.

ಜೊತೆಗಿದ್ದವರು ಚಕಚಕ ಅಂತ ಕೆಲಸ ಹುಡುಕಿಕೊಂಡರು. ಒಬ್ಬ ಕಾರು ತೊಳೆಯೋಕೆ ಸೇರಿದ, ಇನ್ನೊಬ್ಬ ದೊಡ್ಡ ಅಂಗಡಿಯಲ್ಲಿ ಡಬ್ಬ ಜೋಡಿಸೋಕೆ. ಆ ಅಂಗಡಿಯವರು ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ನಮ್ಮ ಕ್ಯಾಂಪಿನ ಹಿಂದೆ ರಸ್ತೆ ದಾಟಿದರೆ ಒಬ್ಬ ಅರಬರವನ ಕುರಿ ದೊಡ್ಡಿ ಇತ್ತು. ಶುಕ್ರವಾರ ರಜೆ ದಿನ ಉಳಿದವರೆಲ್ಲ ಪೇಟೆಗೆ ಹೋದರೆ ನಾನು ಹೋಗಿ ಆ ಬೇಲಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ಒಂದು ದಿನ ಅಲ್ಲೊಂದು ಕುರಿ ಮೇವಿನ ಬಕೆಟ್ಟಿಗೆ ತಲೆ ಸಿಕ್ಕಿಸಿಕೊಂಡು ಗೋಡೆಗೆಲ್ಲ ಢೀ ಕೊಡ್ತಾ ಓಡುತ್ತಿತ್ತು. ದೊಡ್ಡಿಯ ಆಳು ಅದರ ಹಿಂದೆ ಬಿದ್ದು ಇನ್ನಷ್ಟು ಓಡಿಸುತ್ತಿದ್ದ. ನನಗೆ ಸಿಟ್ಟು ಬಂತು. ಬೇಲಿ ಹಾರಿ, ಅದರ ಹಿಂಗಾಲು ಹಿಡಿದು, ಮಂಡಿಗೆ ಒತ್ತಿಕೊಂಡು ಬಕೆಟ್ ತೆಗೆದೆ. ತಿರುಗಿ ನೋಡಿದರೆ ದೊಡ್ಡಿಯ ಯಜಮಾನ ಮುದುಕ ನಿಂತಿದ್ದ. ಮುಗೀತು ನನ್ನ ಕಥೆ ಅಂದುಕೊಂಡೆ. ಅವನು ಮುರುಕಲು ಹಿಂದಿಯಲ್ಲಿ "ನೀನು ಕುರಿಯವನಾ?" ಅಂದ. ಆ ದೇಶದಲ್ಲಿ ನಾನು ಯಾರು ಅಂತ ಒಬ್ಬರು ಕೇಳಿದ್ದು ಅದೇ ಮೊದಲು. ಹೌದು ಅಂದೆ.

ಮುದುಕ ಅರ್ಧ ದಿನದ ಕೆಲಸ ಕೊಡಲು ಒಪ್ಪಿ ಕಾಗದ ಬರೆದುಕೊಟ್ಟ. ಕಂಪನಿಯೂ ಅಭ್ಯಂತರ ಇಲ್ಲ ಅಂತ ಬರೆದುಕೊಟ್ಟಿತು, ಯಾಕೆ ಕೊಡಲ್ಲ, ಅವರಿಗೆ ಯಂತ್ರ ಇತ್ತಲ್ಲ. ಆಮೇಲೆ ಕಂಪನಿ ಆಫೀಸಿನವನು ಇನ್ನೊಂದು ಬೇಕು ಅಂದ. ಕುರಿ ಕೆಲಸದಲ್ಲಿ ಅನುಭವ ಇದೆ ಅಂತ ಹಿಂದಿನ ಮಾಲೀಕರಿಂದ ಸರ್ಟಿಫಿಕೇಟು. ಲೆಟರ್‌ಹೆಡ್ಡಿನ ಮೇಲೆ ಇರಬೇಕು, ನೋಟರಿ ಆಗಬೇಕು, ಅರಬ್ಬಿಗೆ ತರ್ಜುಮೆ ಆಗಬೇಕು.

"ನನ್ನ ಹಿಂದಿನ ಮಾಲೀಕರು ನಮ್ಮಕ್ಕ" ಅಂದೆ.

"ಒಳ್ಳೇದೇ ಆಯ್ತಲ್ಲ, ಸುಲಭ" ಅಂದ. ಅವನಿಗೆ ನಮ್ಮಕ್ಕ ಗೊತ್ತಿಲ್ಲ.

ನಮ್ಮಪ್ಪ ತೀರಿಕೊಳ್ಳೋ ಮುಂಚೆ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಅಕ್ಕನ ಮುಖ ನೋಡಿದ, ಹಿಂಡನ್ನು ಅಕ್ಕನ ಕೈಗೆ ಕೊಟ್ಟ. ನನಗೂ ಅದೇ ಸರಿ ಅನ್ನಿಸಿತು. ಅವಳು ಮದುವೆಯಾಗುವಾಗಲೂ ನಾನು ಹಿಂಡು ಬಿಟ್ಟು ಬರಲ್ಲ, ಬೇಕಾದರೆ ಗಂಡೇ ಬರಲಿ ಅಂದಳು. ಬಂದ. ನಮ್ಮ ಭಾವ ಮನುಷ್ಯರ ಜೊತೆ ಮಾತಾಡೋದು ಕಡಿಮೆ, ಕುರಿಗಳ ಜೊತೆ ಪರವಾಗಿಲ್ಲ. ನಾನು ಮೀಸೆ ಬರೋ ಮುಂಚಿನಿಂದ ಅಕ್ಕನ ಕೈಕೆಳಗೆ ಕುರಿ ಕಾದವನು. ಗಲ್ಫಿನ ಮೇಸ್ತ್ರಿಯ ಬೈಗುಳ ನನಗೆ ಯಾವತ್ತೂ ಜೋರು ಅನ್ನಿಸಿಲ್ಲ.

ಖರ್ಜೂರ, ಸೆಂಟು, ಹುಲಿ ಚಿತ್ರದ ದಪ್ಪ ರಗ್ಗು ಎಲ್ಲ ಹೊತ್ತುಕೊಂಡು ಊರಿಗೆ ಬಂದೆ. ಅಕ್ಕ ರಗ್ಗನ್ನು ಎರಡು ಬೆರಳಲ್ಲಿ ಹಿಡಿದು "ಇದು ನೆಂದ್ರೆ ಏನ್ ಗತಿ" ಅಂತ ಕೇಳಿ, ಹೊಸದಾಗಿ ಹುಟ್ಟಿದ್ದ ಮರಿಗೆ ಹಾಸಿದಳು. ಮರಿ ಹುಲಿಯ ಮೂತಿ ಮೇಲೆ ಹಾಯಾಗಿ ಮಲಗಿತು. ಎರಡು ದಿನ ಸುಮ್ಮನಿದ್ದು, ಅವಳು ಒಂದು ಟಗರನ್ನು ಕಾಲ ಮಧ್ಯೆ ಒತ್ತಿಕೊಂಡು ಗೊರಸು ಹೆರೆಯುತ್ತಿದ್ದಾಗ ಮಾತು ತೆಗೆದೆ. ಕೈಗೆ ಕೆಲಸ ಇದ್ದಾಗ ಅವಳ ಸಿಟ್ಟು ಸ್ವಲ್ಪ ಕಡಿಮೆ ಇರುತ್ತೆ.

"ಅಕ್ಕಾ, ಒಂದು ಕಾಗ್ದ ಬೇಕಾಗಿತ್ತು. ನಿನ್ನತ್ರ ಕುರಿ ಕಾಯ್ತಿದ್ದೆ ಅಂತ."

"ಊರಿಗೆಲ್ಲ ಗೊತ್ತು. ಕಾಗ್ದ ಯಾಕೆ?"

"ಅಲ್ಲೊಂದು ಕುರಿ ಕೆಲ್ಸ ಸಿಕ್ಕೈತೆ. ಅದಿಲ್ದಿದ್ರೆ ವೀಸಾ ಹೋಯ್ತದೆ."

ಚಾಕು ನಿಂತಿತು. "ಯಾರ ಕುರಿ?"

"ಒಬ್ಬ ಅರಬರವನ್ದು."

ಅಕ್ಕ ಟಗರನ್ನು ಬಿಟ್ಟಳು. ಅದು ಮೂರು ಕಾಲಿನ ಗೊರಸು ಸರಿಯಾಗಿ, ಒಂದರದ್ದು ಹಾಗೇ ಇಟ್ಟುಕೊಂಡು ಓಡಿತು. "ಹಲ್ಗೆ ತೊಳಿತೀನಿ ಅಂತ ಹೋದೆ, ಬ್ಯಾಡ ಅಂದ್ನಾ? ಕಾರು ತೊಳಿ, ಅವ್ರ ಕಕ್ಕಸ್ಸು ಬೇಕಾದ್ರೂ ತೊಳಿ, ಕೆಲ್ಸ ಕಣ್ಲಾ ಅದು. ನಮ್ಮ ಹಿಂಡು ಇಲ್ಲಿ ನಿಂತಿರುವಾಗ ಇನ್ನೊಬ್ರ ಹಿಂಡಿನ ಹಿಂದೆ ಹೋಯ್ತೀನಿ ಅಂತೀಯಲ್ಲ, ಅದೆಂಗೆ ಬಾಯಿ ಬಂತು ನಿಂಗೆ?"

ಅವತ್ತಿನಿಂದ ಅವಳು ನನಗೆ ಮುದ್ದೆ ಇಡೋದು ನಿಲ್ಲಿಸಿದಳು. ಅಡುಗೆ ಮಾಡುತ್ತಿದ್ದಳು, ಇಡುತ್ತಿರಲಿಲ್ಲ. ಭಾವ ಇಡುತ್ತಿದ್ದ. ನನಗೂ ರೇಗಿ ಹೋಗಿತ್ತು. "ಏನ್ ಭಾವ ಇದು, ನಾನೇನು ಹೇಳ್ದೆ ಕೇಳ್ದೆ ಯಾರನ್ನಾದ್ರೂ ಮದುವೆ ಮಾಡ್ಕೊಂಡ್ ಬಂದ್ನಾ?" ಅಂದೆ. ಭಾವ ಸಾರು ಬಿಡುತ್ತಾ ಯೋಚನೆ ಮಾಡಿ "ಅಂಗ್ ಬಂದಿದ್ರೆ ಇಷ್ಟೊತ್ತಿಗೆ ಆರತಿ ಎತ್ತಿರೋಳು" ಅಂದ.

ಕೊನೆಗೆ ದಾರಿ ಹುಡುಕಿದ್ದೂ ಭಾವನೇ. ಅಕ್ಕನಿಗೆ ಕೇಳುವ ಹಾಗೆ ಒಂದು ಕುರಿಗೆ ಹೇಳಿದನಂತೆ, ಅವನು ಕೇಳ್ತಿರೋದು ನಿಜ ತಾನೆ, ಕಾದಿದ್ದು ಹೌದೋ ಅಲ್ವೋ ಅಂತ. ಅಕ್ಕನಿಗೆ ಸುಳ್ಳು ಕಂಡರೆ ಆಗಲ್ಲ. ನಿಜವನ್ನು ಮುಚ್ಚಿಡೋದೂ ಅವಳ ಲೆಕ್ಕದಲ್ಲಿ ಸುಳ್ಳೇ. ಮಾರನೇ ದಿನ ತಟ್ಟೆಗೆ ತಾನೇ ಮುದ್ದೆ ತಂದು ಕುಕ್ಕಿ, "ಕಾದಿದ್ದ ಅಂತ ಹೇಳ್ತೀನಿ. ಹೋಗು ಅಂತ ಮಾತ್ರ ನನ್ನ ಬಾಯಲ್ಲಿ ಬರಕಿಲ್ಲ" ಅಂದಳು. ನನಗೆ ಅಷ್ಟೇ ಸಾಕಾಗಿತ್ತು. ಸಾಕು ಅಂದುಕೊಂಡಿದ್ದೆ.

ಪಾವಗಡದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ. ಅಲ್ಲಿನವನು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವವನು. ಗಲ್ಫ್ ಆಫೀಸಿನವನು ಕಳಿಸಿದ್ದ ನಮೂನೆಯನ್ನು ಪರದೆ ಮೇಲೆ ತೆಗೆದು "ಕಂಪನಿ ಹೆಸರೇನು, ಚೆಪ್ಪಕ್ಕಾ?" ಅಂದ.

"ಎಂಥ ಕಂಪ್ನಿ? ಹಿಂಡು."

ಅವನು ಊರ ಹೆಸರು ಸೇರಿಸಿ "ಶೀಪ್ ಫಾರಂ" ಅಂತ ಹಾಕಲು ಹೋದ. ಫಾರಂ ಅಂದರೆ ಕೋಳಿದು, ಹಿಂಡು ಅಂತಲೇ ಹಾಕು ಅಂತ ಅಕ್ಕ ಜಗಳ ತೆಗೆದಳು. ಲೆಟರ್‌ಹೆಡ್ಡಿಗೆ ಅಂತ ಒಂದು ಕುರಿಯ ಚಿತ್ರ ಹಾಕಿದ. ಅದು ಯಾವುದೋ ವಿದೇಶದ ಕುರಿ, ಹತ್ತಿ ಮೂಟೆಗೆ ಕಾಲು ಬಂದ ಹಾಗಿತ್ತು. ಅಕ್ಕ ಅದನ್ನು ನೋಡಿ "ಇದ್ಯಾರ್ದು?" ಅಂದಳು. ಯಾರದೂ ಅಲ್ಲಕ್ಕಾ, ಕಂಪ್ಯೂಟರಲ್ಲಿ ಬರುತ್ತೆ ಅಂದ. ಯಾರದೂ ಅಲ್ಲದ ಕುರಿಯ ತಲೆ ಕೆಳಗೆ ತಾನು ರುಜು ಹಾಕಲ್ಲ ಅಂದಳು. ಭಾವನಿಗೆ ಫೋನು ಮಾಡಿ ನಮ್ಮ ದೊಡ್ಡ ಟಗರಿನ ಫೋಟೊ ಕಳಿಸಲು ಹೇಳಿದೆವು. ಮೊದಲು ಭಾವನ ಹೆಬ್ಬೆರಳು ಬಂತು, ಆಮೇಲೆ ಟಗರಿನ ಹಿಂಭಾಗ, ಆಮೇಲೆ ಬರೀ ಆಕಾಶ. ಕೊನೆಗೆ ಮುಖವೂ ಬಂತು. ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ನಮ್ಮ ಹಿಂದೆ ಪಹಣಿಗೆ ಬಂದವರು, ಆಧಾರಿಗೆ ಬಂದವರು ಎಲ್ಲ ಸೇರಿ ಟಗರು ಚೆನ್ನಾಗೈತೆ ಅಂತ ತೀರ್ಮಾನ ಮಾಡಿದ್ದರು.

"ಎಷ್ಟು ಕುರಿ ಅಕ್ಕಾ?" ಅಂದ ಅಂಗಡಿಯವನು.

"ಅವೆ."

"ಅವೆ ಅಂದ್ರೆ ಎಷ್ಟು? ಎನ್ನಿ?"

"ದೇವ್ರು ಮಡಗಿರೋಷ್ಟು ಅವೆ."

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಕುರಿ ಎಣಿಸಲ್ಲ. ಎಣಿಸಿ ಸಂಖ್ಯೆ ಬಾಯಲ್ಲಿ ಆಡಿದರೆ ಹಿಂಡಿಗೆ ದೃಷ್ಟಿಯಾಗುತ್ತೆ ಅಂತ ಅಪ್ಪನ ಕಾಲದಿಂದ ನಂಬಿಕೆ. ಹಾಗಂತ ಲೆಕ್ಕ ತಪ್ಪೋದೂ ಇಲ್ಲ. ಸಂಜೆ ದೊಡ್ಡಿಗೆ ನುಗ್ಗುವಾಗ ಅಕ್ಕ ಬಾಗಿಲಲ್ಲಿ ನಿಂತಿರುತ್ತಾಳೆ, ಒಂದು ಬರದಿದ್ದರೆ "ಮುರುಕಿವಿ ಎಲ್ಲಿ?" ಅಂತಾಳೆ. ಮುಖ ನೋಡಿದರೆ ಆಯ್ತು, ಅಂಕಿ ಯಾಕೆ ಬೇಕು. ಅಂಗಡಿಯವನಿಗೆ ಇದನ್ನೆಲ್ಲ ಹೇಳಿದರೂ ಕೇಳಲಿಲ್ಲ, ಈ ಖಾನೆ ಖಾಲಿ ಬಿಟ್ಟರೆ ಮುಂದೆ ಹೋಗಲ್ಲ ಅಂದ. ಅಕ್ಕ ದೊಡ್ಡ ಮನಸ್ಸು ಮಾಡಿ "ಒಂದ್ ಹಿಂಡು ಅಂತ ಬರ್ಕೊ" ಅಂದಳು. ಆ ಖಾನೆಗೆ ಅಂಕಿ ಬಿಟ್ಟರೆ ಅಕ್ಷರ ಹತ್ತಲ್ಲ ಅನ್ನೋದು ನಮಗೇನು ಗೊತ್ತು. ಅವನು ನಮ್ಮನ್ನು ನೋಡಿದ, ಹಿಂದಿದ್ದ ಜನರನ್ನು ನೋಡಿದ, ಒಂದು ಅಂತ ಅಂಕಿ ಒತ್ತಿ ಮುಂದೆ ಹೋದ. ನಾವಿಬ್ಬರೂ ಟಗರಿನ ಫೋಟೊ ಸೊಟ್ಟಗಿದೆ ಅಂತ ನೋಡುತ್ತಿದ್ದೆವು.

"ಕೆಲಸ ಬಿಟ್ಟ ದಿನ?"

ನಾನು ಬಾಯಿ ತೆಗೆಯೋದರೊಳಗೆ ಅಕ್ಕ "ಬುಟ್ಟಿಲ್ಲ" ಅಂದಳು.

"ಅಕ್ಕಾ, ನಾನು ಗಲ್ಫಿಗೆ ಹೋಗಿ ಎಷ್ಟು ವರ್ಷ ಆಯ್ತು?"

"ಬುಟ್ಟೋಗ್ತೀನಿ ಅಂತ ಹೇಳಿ ಹೋದ್ಯಾ? ಬತ್ತೀನಿ ಅಂತ ಹೇಳ್ದೆ. ಬತ್ತೀನಿ ಅಂದೋನು ಕೆಲ್ಸ ಬುಟ್ಟಂಗೆ ಹೆಂಗಾಯ್ತದೆ?"

ನಮ್ಮ ಕಡೆ ಬಾಗಿಲು ದಾಟುವವನು ಹೋಗ್ತೀನಿ ಅನ್ನೋದುಂಟಾ? ಪಕ್ಕದ ಮನೆಯಿಂದ ಎದ್ದು ಹೋಗುವವನೂ ಬರ್ತೀನಿ ಅಂತಲೇ ಹೋಗೋದು. ಇದನ್ನು ನಾನು ಅಂಗಡಿಯಲ್ಲಿ ನಿಂತು ವಾದ ಮಾಡಿದೆ. ಹಿಂದಿದ್ದವರೆಲ್ಲ ಅಕ್ಕನ ಕಡೆಯೇ ಸೇರಿದರು. ಪಹಣಿಗೆ ಬಂದಿದ್ದ ಒಬ್ಬ ಯಜಮಾನರು "ಮಾತು ಅಂದ್ರೆ ಮಾತು ಕಣಪ್ಪ" ಅಂತ ನನಗೇ ಬುದ್ಧಿ ಹೇಳಿದರು. ಅಂಗಡಿಯವನು "ಈಗಲೂ ಕೆಲಸದಲ್ಲಿದ್ದಾರೆ" ಅಂತ ಒತ್ತಿ, ಮುದ್ರಿಸಿ ಕೊಟ್ಟ. ಹಾಳಾಗಿ ಹೋಗಲಿ, ಇಷ್ಟಾದರೂ ಆಯ್ತಲ್ಲ ಅಂತ ನಾನೂ ಸುಮ್ಮನಾದೆ.

ಮಧುಗಿರಿಯಲ್ಲಿ ಪರಿಚಯದ ವಕೀಲರು ನೋಟರಿ ಮಾಡಿಕೊಟ್ಟರು. ಅಕ್ಕ ಅಲ್ಲಿಗೂ ಬಂದು ಅವರ ಎದುರು ರುಜು ಹಾಕಿ, ದಾರಿಯುದ್ದಕ್ಕೂ ಭಾವನ ಕೈಲಿ ಫೋನಿನಲ್ಲೇ ಕುರಿ ಮೇಯಿಸಿದಳು. ಅವಳನ್ನು ಪಾವಗಡದ ಬಸ್ಸು ಹತ್ತಿಸಿ ನಾನೊಬ್ಬನೇ ಸಿರಾಕ್ಕೆ ಹೋದೆ. ಅಲ್ಲಿ ಅರಬ್ಬಿ ಕಲಿಸುತ್ತಿದ್ದ ಒಬ್ಬ ಹಿರಿಯ ಸಾಹೇಬರು ತರ್ಜುಮೆ ಮಾಡಿಕೊಡುತ್ತಾರೆ ಅಂತ ಯಾರೋ ಹೇಳಿದ್ದರು. ಸಾಹೇಬರು ಕನ್ನಡಕ ಏರಿಸಿ ಕಾಗದವನ್ನು ಪೂರ್ತಿ ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಹಾ ತರಿಸಿದರು. ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಅಷ್ಟೊಂದು ಮರ್ಯಾದೆ ಯಾಕೆ ಅಂತ ನನಗೆ ಆವತ್ತು ಹೊಳೆಯಲಿಲ್ಲ.

ಎಲ್ಲ ಕಳಿಸಿ, ಗೆದ್ದೆ ಅಂದುಕೊಂಡು, ನಾಲ್ಕು ದಿನ ಹಿಂಡಿನ ಜೊತೆ ಬಯಲು ಸುತ್ತಿದೆ. ಆಮೇಲೆ ಗಲ್ಫ್ ಆಫೀಸಿನವನ ಫೋನು ಬಂತು. ಅಲ್ಲಿನ ಪರವಾನಗಿ ಇಲಾಖೆಯವರು ಎರಡು ಪ್ರಶ್ನೆ ಹಾಕಿ ಅರ್ಜಿ ವಾಪಸು ಕಳಿಸಿದ್ದರು. ಮೊದಲನೆಯದು, ಈ ಮನುಷ್ಯ ಇಷ್ಟು ವರ್ಷ ನೋಡಿಕೊಂಡಿರುವುದು ಒಂದೇ ಒಂದು ಕುರಿ, ದೊಡ್ಡಿಯಲ್ಲಿರುವುದು ನೂರಾರು, ಹೇಗೆ ನಿಭಾಯಿಸುತ್ತಾನೆ? ಎರಡನೆಯದು, ಈತ ಇಂಡಿಯಾದಲ್ಲಿ ಈಗಲೂ ಒಂದು ಕೆಲಸದಲ್ಲಿದ್ದಾನೆ, ಅದನ್ನು ಬಿಟ್ಟ ಪುರಾವೆಯನ್ನಾಗಲಿ, ಆ ಮಾಲೀಕರ ಅಭ್ಯಂತರ ಇಲ್ಲ ಎಂಬ ಪತ್ರವನ್ನಾಗಲಿ ಕೊಡಬೇಕು. ಆಫೀಸಿನವನು ನನ್ನ ಮೇಲೆ ಹಾರಾಡಿದ. "ಏನಯ್ಯಾ, ಒಂದೇ ಶರೀರದಲ್ಲಿ ಎರಡು ದೇಶದಲ್ಲಿ ಕೆಲಸ ಮಾಡ್ತಿದ್ದೀಯಾ? ನಮಗೆ ಒಂದು ಮಾತು ಹೇಳಬಾರದಾ?" ಅಂದ. ನನ್ನ ರಜೆ ಮುಗಿಯಲು ಒಂದು ವಾರ ಉಳಿದಿತ್ತು.

ಸಿಟ್ಟು ಎಲ್ಲರ ಮೇಲೂ ಬಂತು. ಮೊದಲು ಸಿರಾದ ಸಾಹೇಬರಿಗೆ ಫೋನು ಮಾಡಿ, ಒಂದೇ ಕುರಿ ಅಂತ ಇದ್ದದ್ದನ್ನು ನೋಡಿಯೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೋಡ್ದೆ ಬೇಟಾ" ಅಂದರು, "ಮೇಲೆ ಟಗರಿನ ಫೋಟೊ ಬೇರೆ ಇತ್ತು. ಅಷ್ಟು ವರ್ಷ ಒಂದಕ್ಕೇ ಒಬ್ಬ ಆಳು ಇಟ್ಟಿದ್ದಾರೆ ಅಂದ್ರೆ ಭಾರೀ ಕಿಮ್ಮತ್ತಿನ ಟಗರು ಇರಬೇಕು ಅಂದ್ಕೊಂಡೆ. ಮಾಶಾಲ್ಲಾ, ಹಂಗೇ ಕಾಣ್ತಿತ್ತು." ಇಂಥವರನ್ನು ಹೇಗೆ ಬೈಯೋದು. ಹೊಸ ಕಾಗದ ಬಂದರೆ ತಕ್ಷಣ ಮಾಡಿಕೊಡ್ತೀನಿ, ದುಡ್ಡೂ ಬೇಡ ಅಂದರು.

ಕುರಿ ಎಷ್ಟು ಅನ್ನೋದಕ್ಕೆ ಪಶು ಆಸ್ಪತ್ರೆಯ ಡಾಕ್ಟ್ರನ್ನು ಹಿಡಿದೆವು. ಲಸಿಕೆ ಹಾಕುವವರು ಅವರೇ, ಅವರಿಗೆ ಗೊತ್ತಿರುತ್ತೆ. ಹೊರಗಿನವರು ಎಣಿಸಿದರೆ ದೋಷ ಇಲ್ಲವಂತೆ, ನಮ್ಮ ಕಿವಿಗೆ ಬೀಳಬಾರದು ಅಷ್ಟೇ ಅಂತ ಅಕ್ಕ ಆಗಲೇ ಒಂದು ಕಾನೂನು ಮಾಡಿದಳು. ಡಾಕ್ಟ್ರ ಕೋಣೆಯ ಹೊರಗೆ ಎರಡೂ ಕಿವಿಗೆ ಸೆರಗು ಒತ್ತಿಕೊಂಡು ನಿಂತಳು. ಡಾಕ್ಟ್ರಿಗೆ ದೊಡ್ಡ ಗಂಟಲು. ಬರೆದುಕೊಡಿ ಸಾಕು ಸಾರ್ ಅನ್ನೋದರೊಳಗೆ ಗಟ್ಟಿಯಾಗಿ ಹೇಳಿಯೇಬಿಟ್ಟರು. ಹುಟ್ಟಿದಾಗಿನಿಂದ ನಾನು ಆ ಸಂಖ್ಯೆ ಕೇಳಿರಲಿಲ್ಲ. ಅದನ್ನು ಇಲ್ಲಿಯೂ ಬರೆಯಲ್ಲ. ಹೊರಗೆ ಬಂದಾಗ ಅಕ್ಕ ಸೆರಗಿನೊಳಗಿಂದಲೇ "ಆಯ್ತಾ?" ಅಂತ ಕಣ್ಣಲ್ಲಿ ಕೇಳಿದಳು. ಮಾರನೇ ದಿನ ಒಂದು ಮರಿ ಸೀನಿತು, ಅದೂ ನನ್ನ ಲೆಕ್ಕಕ್ಕೇ ಬಿತ್ತು.

ಉಳಿದದ್ದು ಎರಡನೇ ಪ್ರಶ್ನೆ. ಮತ್ತೆ ಅದೇ ಕಂಪ್ಯೂಟರ್ ಅಂಗಡಿ. ಅಂಗಡಿಯವನು ಇದಕ್ಕೆ ಯಾಕೆ ತಲೆ ಕೆಡಿಸ್ಕೊಂತೀರ, ಕೆಲಸ ಬಿಟ್ಟ ತಾರೀಖು ಅಂತ ಒಂದು ಹಾಕಿಬಿಡೋಣ, ಒಂದು ನಿಮಿಷದ ಕೆಲಸ ಅಂದ. ನಾನು ಅಕ್ಕನ ಮುಖ ನೋಡಿದೆ. ಅವಳು ಜಗಳ ಮಾಡುತ್ತಾಳೆ ಅಂತ ಮೈಯೆಲ್ಲ ಬಿಗಿ ಮಾಡಿಕೊಂಡಿದ್ದೆ.

ಅವಳು ಮಾಡಲಿಲ್ಲ. "ಹಾಕು. ಯಾವತ್ತು ಬುಟ್ಟೆ ಅಂತ ಅವ್ನೇ ಹೇಳ್ಲಿ, ನಾನು ರುಜು ಹಾಕ್ತೀನಿ" ಅಂದಳು. ಅಷ್ಟು ಹೇಳಿ ಗೋಡೆ ಮೇಲಿನ ಕ್ಯಾಲೆಂಡರ್ ಕಡೆ ತಿರುಗಿ ನಿಂತಳು.

ಹೇಳೋದಕ್ಕೆ ಏನಿತ್ತು, ಒಂದು ತಾರೀಖು. ವೀಸಾ ಉಳಿಯುತ್ತಿತ್ತು, ಮುದುಕನ ದೊಡ್ಡಿ ಸಿಗುತ್ತಿತ್ತು. ಅಂಗಡಿಯವನು ಬೆರಳು ಎತ್ತಿಕೊಂಡು ಕಾಯುತ್ತಿದ್ದ. ಯಾವ ದಿನ ಹೇಳಲಿ? ಏರ್‌ಪೋರ್ಟಿಗೆ ಹೋದ ದಿನವಾ? ಆವತ್ತು ಬೆಳಗ್ಗೆಯೂ ಒಂದು ಮರಿಗೆ ಹಾಲು ಕುಡಿಸಿ ಹೋಗಿದ್ದೆ. ಗಲ್ಫಿನಿಂದ ಫೋನು ಮಾಡಿದಾಗ ಮುರುಕಿವಿ ಈಯ್ತಾ, ದೊಡ್ಡ ಟಗರಿನ ಕಾಲು ಹೇಗಿದೆ ಅಂತ ಮೊದಲು ಕೇಳಿ, ನೀವು ಹೇಗಿದ್ದೀರಿ ಅಂತ ಆಮೇಲೆ ಕೇಳುವವನು ನಾನು. ಬಿಟ್ಟೆ ಅಂತ ಬರೆಸಿದರೆ ಅದು ಶುದ್ಧ ಸುಳ್ಳಾಗುತ್ತಿತ್ತು. ಇದು ಗೊತ್ತಾಗಿ ನನಗೆ ಇನ್ನೂ ಸಿಟ್ಟು ಬಂತು, ಯಾಕಂದರೆ ಅಕ್ಕ ಹೇಳಿದ್ದೇ ಸರಿ ಆಯ್ತಲ್ಲ. ಎದ್ದು ಹೊರಗೆ ಬಂದು ಬಸ್‌ಸ್ಟ್ಯಾಂಡ್ ಕಟ್ಟೆ ಮೇಲೆ ಕೂತುಬಿಟ್ಟೆ.

ಅಕ್ಕ ಹಿಂದೆಯೇ ಬಂದಳು. "ಏನ್ಲಾ?"

"ಬೇರೆ ಕೆಲ್ಸ ಇತ್ತಕ್ಕಾ. ಅಂಗ್ಡೀಲಿ ಡಬ್ಬ ಜೋಡ್ಸೋದು. ಕರೆದ್ರು. ನಾನೇ ಒಲ್ಲೆ ಅಂದೆ."

"ಯಾಕೆ?"

"ಕುರಿ ಇಲ್ದೆ ಇರಕ್ಕಾಗ್ತಿಲ್ಲ ನಂಗೆ. ಅಲ್ಲಿ ಬರೀ ಹಲ್ಗೆ. ಹಲ್ಗೆ ನನ್ನ ಮುಖ ನೋಡ್ತದಾ? ರಜಾ ದಿನ ಆ ಮುದುಕನ ಬೇಲಿ ಹಿಡ್ಕೊಂಡು ನಿಂತ್ಕತೀನಿ. ಅವುಗಳ ವಾಸ್ನೆ ಬಂದ್ರೆ ಮನೆಗೆ ಬಂದಂಗಾ‌ಯ್ತದೆ. ಅಷ್ಟೇ."

ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಮೂವತ್ತು ದಾಟಿದ ಗಂಡಸು, ಗಲ್ಫ್ ಶರ್ಟು, ಮೈಯೆಲ್ಲ ಸೆಂಟು, ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಗೊಳೋ ಅಂತ ಅತ್ತೆ. ಕಡಲೆಕಾಯಿ ಮಾರುವವಳು ಪಾಪ ಯಾರೋ ಹೋಗಿಬಿಟ್ಟಿರಬೇಕು ಅಂತ ನನ್ನ ಕೈಗೊಂದು ಪೊಟ್ಟಣ ಇಟ್ಟು ಹೋದಳು.

ಅಕ್ಕ ಪಕ್ಕದಲ್ಲಿ ಕೂತಳು. ಇಲ್ಲೇ ಇದ್ದುಬುಡು ಅಂತ ಅವಳ ನಾಲಿಗೆ ತುದಿಗೆ ಬಂದಿತ್ತು, ನನಗೆ ಕಾಣುತ್ತಿತ್ತು. ಅವಳು ಹೇಳಲಿಲ್ಲ. ಬೇಲಿ ಎಲ್ಲಿಯವರೆಗೆ ಬಂದಿದೆ ಅಂತ ದಿನಾ ನೋಡುವವಳು ಅವಳೇ. ಪೊಟ್ಟಣದಿಂದ ಕಡಲೆಕಾಯಿ ಬಿಡಿಸಿ ಅರ್ಧ ತಾನು ತಿಂದು ಅರ್ಧ ನನಗೆ ಕೊಟ್ಟಳು.

"ವೀಸಾ ವೀಸಾ ಅಂತ ಬಡ್ಕೊಂಡ್ಯಲ್ಲ, ಇದ್ನ ಮೊದ್ಲೇ ಹೇಳಕ್ಕೇನಾಗಿತ್ತು ರೋಗ ನಿಂಗೆ?"

"ಹೇಳಿದ್ರೆ ಬೈತಿದ್ದೆ."

"ಬೈಯ್ದೆ ಇನ್ನೇನು ಮಾಡ್ತಾರೆ" ಅಂತ ಎದ್ದು, ನನ್ನ ತೋಳು ಹಿಡಿದು ಎಬ್ಬಿಸಿ, ಅಂಗಡಿಯೊಳಗೆ ಎಳೆದುಕೊಂಡು ಹೋದಳು.

ಅಭ್ಯಂತರ ಇಲ್ಲ ಅನ್ನೋ ಪತ್ರವನ್ನು ಅವಳೇ ನಿಂತು ಹೇಳಿ ಬರೆಸಿದಳು. ಇವನು ನಮ್ಮ ಹಿಂಡಿನವನು, ಅಲ್ಲಿಯ ಕುರಿಗಳನ್ನೂ ನೋಡಿಕೊಳ್ಳಲಿ, ನನ್ನದೇನೂ ಅಡ್ಡಿ ಇಲ್ಲ. ಅಂಗಡಿಯವನು ಎಷ್ಟು ಕಾಲಕ್ಕೆ ಅಂತ ಕೇಳಿದ. ಅಕ್ಕ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಅವ್ನಿಗೆ ಸಾಕು ಅನ್ನೋಗಂಟ" ಅಂದಳು. ಆಮೇಲೆ ಒಂದು ಷರತ್ತು ಸೇರಿಸಿದಳು, ನಮ್ಮ ಕುರಿ ಈಯೋ ಕಾಲಕ್ಕೆ ಇವನಿಗೆ ರಜಾ ಕೊಡತಕ್ಕದ್ದು. ಸಾಹೇಬರು ಅದನ್ನೂ ಒಂದಕ್ಷರ ಬಿಡದೆ ಅರಬ್ಬಿಗೆ ತಂದರು. ಇಲಾಖೆಯವರು ಒಪ್ಪಿ ಪರವಾನಗಿ ಕೊಟ್ಟದ್ದು ನಾನು ವಿಮಾನ ಹತ್ತೋ ಹಿಂದಿನ ದಿನ. ಆಫೀಸಿನವನು ಫೋನಲ್ಲಿ ಅಭಿನಂದನೆ ಹೇಳಿದ್ದು ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರೋದು ಪತ್ರ ಬರೆಸಿದ ದಿನ ಆಟೋದಲ್ಲಿ ಊರಿಗೆ ವಾಪಸು ಬಂದದ್ದು.

ಹಿಂದಿನ ಸೀಟಿನಲ್ಲಿ ನಾವಿಬ್ಬರೇ ಇದ್ದೆವು. ಪಾವಗಡ ದಾಟಿ ಸ್ವಲ್ಪ ದೂರ ಬಂದ ಮೇಲೆ ಅಕ್ಕ ರಸ್ತೆ ನೋಡುತ್ತಲೇ ಕೇಳಿದಳು.

"ಹೆಂಗವೆ ಅವು?"

"ಯಾವು?"

"ಆ ಮುದುಕನವು."

"ನಮ್ಮಷ್ಟು ಚೆನ್ನಾಗಿಲ್ಲ" ಅಂದೆ.

"ಸುಳ್ಳ. ಫೋಟೊ ತೋರ್ಸು."

ಫೋನಿನಲ್ಲಿ ಆ ಕುರಿಗಳ ಫೋಟೊ ರಾಶಿ ಇದ್ದವು. ಅಷ್ಟು ದಿನ ಅವಳಿಗೆ ಕಾಣದ ಹಾಗೆ ಬಚ್ಚಿಟ್ಟಿದ್ದೆ. ಕೊಟ್ಟೆ. ಅವಳು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ಬಿಸಿಲು ಬೀಳದ ಹಾಗೆ ಸೆರಗು ಮರೆ ಮಾಡಿ, ಒಂದೊಂದನ್ನೇ ಬೆರಳಲ್ಲಿ ದೊಡ್ಡದು ಮಾಡಿ ನೋಡತೊಡಗಿದಳು. ಅಗಲ ಬಾಲ, ಜೋತುಬಿದ್ದ ಕಿವಿ, ನಮ್ಮ ಕಡೆಯವಲ್ಲ. ಮುಖ ನೋಡಿದಳು, ಕಾಲು ನೋಡಿದಳು, ಮತ್ತೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಮುಖ ನೋಡಿದಳು. ಊರ ತಿರುವು ಬಂದರೂ ಫೋನು ಬಿಡಲಿಲ್ಲ. ಇಳಿಯುವಾಗ ಫೋನನ್ನು ನನ್ನ ಮುಂದೆ ಹಿಡಿದು, ಹಿಂಡಿನ ಮೂಲೆಯಲ್ಲಿ ನಿಂತಿದ್ದ ಒಂದರ ಮೇಲೆ ಬೆರಳಿಟ್ಟಳು.

"ಇದ್ರ ಮುಂಗಾಲು ಸರಿ ಇಲ್ಲ, ಊರ್ತಿಲ್ಲ ಅದು. ಹೋದ್ ತಕ್ಷಣ ನೋಡು" ಅಂದಳು.